ನಾಲ್ಕು ದಿನ ದಾನಿಯ ಮೊಟ್ಟೆ, ಎರಡು ದಿನ ಸರ್ಕಾರದ್ದು

ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ವಾರದಲ್ಲಿ ಆರು ದಿನ ಮೊಟ್ಟೆ. ಕರ್ನಾಟಕ ಹೆಮ್ಮೆಯಿಂದ ಹೇಳಿಕೊಳ್ಳುವ ಈ ಮಾತಿನ ಒಳಲೆಕ್ಕ ಹೀಗಿದೆ: ಎರಡು ದಿನದ ಮೊಟ್ಟೆ ರಾಜ್ಯ ಸರ್ಕಾರದ್ದು, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು. 2024ರ ಜುಲೈನಲ್ಲಿ ಒಪ್ಪಂದವಾಯಿತು, ಸೆಪ್ಟೆಂಬರ್ 25ರಂದು ಯೋಜನೆ ಶುರುವಾಯಿತು. ಫೌಂಡೇಶನ್ ಕೊಡುವ ಮೊತ್ತ 1,591 ಕೋಟಿ ರೂಪಾಯಿ. ಅವಧಿ ಮೂರು ವರ್ಷ. 2027ರಲ್ಲಿ ಅದು ಮುಗಿದ ಮೇಲಿನ ಹೊಣೆ ಯಾರದು ಎಂಬುದನ್ನು ಸರ್ಕಾರ ಈಗಲೇ, ಬಜೆಟ್ಟಿನ ಭಾಷೆಯಲ್ಲಿ ಹೇಳಬೇಕು.

ಕೊಟ್ಟವರನ್ನು ದೂರುವ ಪ್ರಶ್ನೆಯೇ ಇಲ್ಲ. ದುಡಿದು ಗಳಿಸಿದ ಸಂಪತ್ತನ್ನು ಮಕ್ಕಳ ತಟ್ಟೆಗೆ ಹಾಕಿದವರಿಗೆ ನಾಡು ಋಣಿ. ತಪ್ಪಿರುವುದು ಪಡೆದವರ ಕಡೆ. ಮಕ್ಕಳಿಗೆ ಮೊಟ್ಟೆ ಬೇಕೇ ಬೇಕು ಎಂದು ತಾನೇ ತೀರ್ಮಾನಿಸಿದ ಸರ್ಕಾರ, ಅದರ ಮೂರರಲ್ಲಿ ಎರಡು ಪಾಲು ಖರ್ಚನ್ನು ಒಬ್ಬ ದಾನಿಯ ಹೆಗಲಿಗೆ ದಾಟಿಸಿ, ಫ್ಲೆಕ್ಸಿನಲ್ಲಿ ತನ್ನ ಮುಖ ಹಾಕಿಸಿಕೊಂಡಿದೆ. ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಎಂಬ ಗಾದೆ ಸಾಲಗಾರರಿಗಷ್ಟೇ ಸೀಮಿತವಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಯೋಜನೆ ಶುರುವಾದಾಗ ಒಂದು ಮೊಟ್ಟೆಗೆ ಇಟ್ಟ ದರ ಆರು ರೂಪಾಯಿ, ಮಕ್ಕಳ ಸಂಖ್ಯೆ ಸುಮಾರು 55 ಲಕ್ಷ. ನಾಲ್ಕು ದಿನಕ್ಕೆ 13 ಕೋಟಿ 20 ಲಕ್ಷ. ವರ್ಷದಲ್ಲಿ ಶಾಲೆ ನಡೆಯುವುದು ನಲವತ್ತು ವಾರ ಎಂದಿಟ್ಟುಕೊಂಡರೆ ಹತ್ತಿರ ಹತ್ತಿರ 530 ಕೋಟಿ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ. ಅಂದರೆ ಸರ್ಕಾರ ಖರ್ಚು ಮಾಡುವ ನೂರು ರೂಪಾಯಿಯಲ್ಲಿ ಹದಿಮೂರು ಪೈಸೆ. ಐದು ಗ್ಯಾರಂಟಿಗಳಿಗೆ ಆ ವರ್ಷ ಎತ್ತಿಟ್ಟದ್ದು 51 ಸಾವಿರ ಕೋಟಿ ದಾಟಿತ್ತು. ಅದರ ನೂರರಲ್ಲಿ ಸುಮಾರು ಒಂದು ಪಾಲು ಸಾಕಿತ್ತು. ಗ್ಯಾರಂಟಿಗಳನ್ನು ನಾವು ವಿರೋಧಿಸುತ್ತಿಲ್ಲ. ಆದರೆ ದೊಡ್ಡವರ ಖಾತೆಗೆ ಖಜಾನೆಯಿಂದ, ಮಕ್ಕಳ ತಟ್ಟೆಗೆ ದಾನಿಯಿಂದ ಎಂಬ ಹಂಚಿಕೆಯನ್ನು ಒಪ್ಪಲಾಗದು. ಮಕ್ಕಳಿಗೆ ಮತ ಇಲ್ಲ ಎಂಬುದೊಂದನ್ನು ಬಿಟ್ಟರೆ ಇದಕ್ಕೆ ಬೇರೆ ಕಾರಣ ಕಾಣುವುದಿಲ್ಲ.

ಕೇಂದ್ರದ ಬಿಸಿಯೂಟ ಯೋಜನೆ ಪಿಎಂ ಪೋಷಣ್‌ನ ನಿಯಮದಲ್ಲಿ ಮೊಟ್ಟೆ ಕಡ್ಡಾಯವಲ್ಲ, ಇದು ಹೆಚ್ಚುವರಿ ಸೌಲಭ್ಯ ಎಂದು ಅಧಿಕಾರಿಗಳು ಹೇಳಬಹುದು. ಮಾತು ಸುಳ್ಳಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಬಿಸಿಯೂಟವನ್ನು ಹಕ್ಕಾಗಿಸಿತು. ಅದಕ್ಕೂ ಮೊದಲು, 2001ರ ನವೆಂಬರ್ 28ರಂದು, ಬೇಯಿಸಿದ ಊಟವನ್ನೇ ಕೊಡಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಕಾಯ್ದೆಯಲ್ಲಿರುವುದು ಕ್ಯಾಲೊರಿ, ಪ್ರೋಟೀನಿನ ಅಳತೆ. ಮೊಟ್ಟೆಯ ಹೆಸರಿಲ್ಲ. ಆದರೆ 2021ರ ಡಿಸೆಂಬರಿನಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಸರ್ಕಾರ ಕೊಟ್ಟ ಕಾರಣವೇ ಮಕ್ಕಳ ಅಪೌಷ್ಟಿಕತೆ, ರಕ್ತಹೀನತೆ. ಕೆಲವು ಮಠಾಧೀಶರು ಎದ್ದು ನಿಂತರೂ ಕಾರ್ಯಕ್ರಮ ನಿಲ್ಲಲಿಲ್ಲ, ಆಮೇಲೆ ಇಡೀ ರಾಜ್ಯಕ್ಕೆ ಹಬ್ಬಿತು. ರೋಗ ಇದೆ ಎಂದು ಚೀಟಿ ಬರೆದ ವೈದ್ಯನೇ ಔಷಧಿಗೆ ಯಾರನ್ನಾದರೂ ಕೇಳಿಕೊಳ್ಳಿ ಎಂದರೆ ಹೇಗೆ?

ದಕ್ಷಿಣ ಬೆಂಗಳೂರಿನ ಓದುಗರಿಗೆ ಇದು ದೂರದ ಯಾದಗಿರಿಯ ಸಂಗತಿ ಅನ್ನಿಸಬಹುದು. ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ತರಕಾರಿ ಕೊಳ್ಳುವವರ ಮಕ್ಕಳು ಸರ್ಕಾರಿ ಶಾಲೆಗೆ ಹೋಗುವುದು ನಿಂತು ಕಾಲವಾಯಿತು. ಆದರೆ ಅದೇ ಯಾದಗಿರಿ, ರಾಯಚೂರಿನಿಂದ ಬಂದು ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಿಗೆ ಗಾರೆ ಕಲಸಿದವರ, ಬನಶಂಕರಿಯ ಮನೆಗಳಲ್ಲಿ ಪಾತ್ರೆ ತಿಕ್ಕುವವರ, ಬಿಟಿಎಂ ಲೇಔಟಿನ ಪಿ.ಜಿ.ಗಳಲ್ಲಿ ಅಡುಗೆ ಮಾಡುವವರ ಮಕ್ಕಳು ಸಾರಕ್ಕಿ, ಕದಿರೇನಹಳ್ಳಿ, ಗುರಪ್ಪನಪಾಳ್ಯ, ತಾವರೆಕೆರೆಯ ಸುತ್ತಿನ ಸರ್ಕಾರಿ ಶಾಲೆಗಳಲ್ಲೇ ಕೂತಿದ್ದಾರೆ. ಬೆಳಿಗ್ಗೆ ಆರಕ್ಕೆ ತಾಯಿ ಕೆಲಸಕ್ಕೆ ಹೊರಟ ಮನೆಯಲ್ಲಿ ತಿಂಡಿ ಆಗಿರುವುದಿಲ್ಲ. ಆ ಮಕ್ಕಳಿಗೆ ದಿನದ ಮೊದಲ ಸರಿಯಾದ ಊಟ ಶಾಲೆಯದೇ.

ಇಂಥದೊಂದು ಶಾಲೆಯ ಮಧ್ಯಾಹ್ನದ ತಟ್ಟೆಯನ್ನು ಬಿಡಿಸಿ ನೋಡಿ. ಅಕ್ಕಿ ಕೇಂದ್ರದ ಆಹಾರ ನಿಗಮದ ಗೋದಾಮಿನದು. ಬೇಳೆ, ಎಣ್ಣೆ, ತರಕಾರಿಯ ದುಡ್ಡು ಕೇಂದ್ರದ್ದು ಅರವತ್ತು, ರಾಜ್ಯದ್ದು ನಲವತ್ತು. 2025ರ ಮೇ ತಿಂಗಳಿಂದ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ, ಆರರಿಂದ ಎಂಟಕ್ಕೆ 10 ರೂಪಾಯಿ 17 ಪೈಸೆ. ಬೆಂಗಳೂರಿನ ಅನೇಕ ಶಾಲೆಗಳಿಗೆ ಅಡುಗೆ ಮಾಡಿ ಕಳಿಸುವುದು ಅಕ್ಷಯಪಾತ್ರ ಸಂಸ್ಥೆ. ಸರ್ಕಾರದ ಹಣಕ್ಕೆ ತನ್ನದೇ ದಾನಿಗಳ ಹಣ ಸೇರಿಸಿ ಅದು ನಡೆಯುತ್ತದೆ. ಬೆಳಗಿನ ಹಾಲು 2013ರಲ್ಲಿ ಶುರುವಾದ ಕ್ಷೀರಭಾಗ್ಯದ್ದು, ಅಂದರೆ ರಾಜ್ಯದ್ದು. ಹಾಲಿಗೆ ಬೆರೆಸುವ ರಾಗಿ ಮಾಲ್ಟಿಗೆ 2024ರಿಂದ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟಿನ ನೆರವು. ಮೊಟ್ಟೆ ಮಾತ್ರ ಅಕ್ಷಯಪಾತ್ರದ ವ್ಯಾನಿನಲ್ಲಿ ಬರುವುದಿಲ್ಲ. ಅದನ್ನು ಬೇರೆಯಾಗಿಯೇ ತರಿಸಬೇಕು, ಬೇಯಿಸಬೇಕು, ಸುಲಿಯಬೇಕು. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು. ಚಿಕ್ಕಿಯೂ ಇತ್ತು, 2025ರಲ್ಲಿ ಇಲಾಖೆ ಅದನ್ನು ನಿಲ್ಲಿಸಿತು. ಒಂದು ತಟ್ಟೆಗೆ ಎರಡು ಸರ್ಕಾರ, ಮೂರು ದಾನಸಂಸ್ಥೆ. ಇವುಗಳಲ್ಲಿ ಒಂದು ಕೈ ಹಿಂದೆ ಸರಿದರೆ ಮಗು ಯಾರನ್ನು ಕೇಳಬೇಕು?

ಸದ್ಯಕ್ಕೆ ಕೇಳುವುದು ಮುಖ್ಯ ಶಿಕ್ಷಕರನ್ನೇ. ಆರು ರೂಪಾಯಿ ಎಂದರೆ ಬರೀ ಮೊಟ್ಟೆಯ ಬೆಲೆಯಲ್ಲ. ಸಾಗಣೆ, ಗ್ಯಾಸು, ಸಿಪ್ಪೆ ಸುಲಿಯುವ ಕೂಲಿ ಎಲ್ಲ ಅದರೊಳಗೇ. ಚಳಿಗಾಲದಲ್ಲಿ ಅಂಗಡಿಯಲ್ಲಿ ಬರೀ ಮೊಟ್ಟೆಯೇ ಏಳು ದಾಟಿದಾಗ ಉಳಿದದ್ದನ್ನು ಹೊಂದಿಸುವವರು ಯಾರು? ಎಷ್ಟೋ ಕಡೆ ಶಿಕ್ಷಕರೇ ಜೇಬಿನಿಂದ ಹಾಕಿದ್ದಾರೆ, ಇಲ್ಲವೇ ಕಿರಾಣಿ ಅಂಗಡಿಯಲ್ಲಿ ಬಾಕಿ ಬರೆಸಿದ್ದಾರೆ. ಇನ್ನು ಕೆಲವು ಕಡೆ ಮೊಟ್ಟೆಯೇ ಕಾಣೆಯಾಗಿದೆ, ಪುಸ್ತಕದಲ್ಲಿ ಮಾತ್ರ ಲೆಕ್ಕ ಸರಿಯಾಗಿದೆ. ಈ ಲೋಪಗಳನ್ನು ಕಂಡುಹಿಡಿದು ಇಲಾಖೆಗೆ ಬರೆದದ್ದು ಫೌಂಡೇಶನ್ನಿನ ಜನ. ಕ್ಷೇತ್ರ ಶಿಕ್ಷಣಾಧಿಕಾರಿ, ರಾಜ್ಯದ ಬಿಸಿಯೂಟ ಯೋಜನೆ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕ ಎಂದು ಹುದ್ದೆಗಳನ್ನು ಇಟ್ಟುಕೊಂಡಿರುವ ಇಲಾಖೆ ಅದರ ನಂತರ ಸುತ್ತೋಲೆ ಹೊರಡಿಸಿತು. ತನ್ನ ದುಡ್ಡಿನ ಎರಡು ದಿನದ ಮೊಟ್ಟೆಗೂ ಇದೇ ಗತಿಯೇ ಎಂದು ಅದು ಕೇಳಿಕೊಂಡಂತಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ದಾನದ ಜೊತೆಗೆ ದಾನಿಯ ಇಷ್ಟಾನಿಷ್ಟವೂ ಬರುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆ ನಮ್ಮ ಊರಿನದೇ. 2000ದಲ್ಲಿ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಹಾಕಿ ಶುರುವಾದ ಅಕ್ಷಯಪಾತ್ರ ಇಂದು ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಮುಟ್ಟಿದೆ. ಕನಕಪುರ ರಸ್ತೆಯಾಚೆ ವಸಂತಪುರದಲ್ಲಿರುವ ಅದರ ಅಡುಗೆಮನೆಯ ಸಾಮರ್ಥ್ಯವನ್ನು, ಶುಚಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಬೀಳುವುದಿಲ್ಲ. ಮಕ್ಕಳಿಗೆ ರುಚಿಸುತ್ತಿಲ್ಲ, ಬಿಡುತ್ತಿದ್ದಾರೆ ಎಂಬ ದೂರು ಎದ್ದು 2018-19ರಲ್ಲಿ ಒಪ್ಪಂದದ ನವೀಕರಣವೇ ತಡೆದು ನಿಂತಿತು. ಪೌಷ್ಟಿಕಾಂಶಕ್ಕೆ ಕೊರತೆಯಿಲ್ಲ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳಿತು, ಆಹಾರದ ಹಕ್ಕಿನ ಹೋರಾಟಗಾರರು ಒಪ್ಪಲಿಲ್ಲ. ಕೊನೆಗೆ ವಿವಾದ ತಣ್ಣಗಾಯಿತು, ಊಟ ಇದ್ದಂತೆಯೇ ಮುಂದುವರಿಯಿತು.

ನಮ್ಮ ಆಕ್ಷೇಪ ಬೆಳ್ಳುಳ್ಳಿಯ ಮೇಲಲ್ಲ. ಸಾರ್ವಜನಿಕ ಯೋಜನೆಯ ಅಡುಗೆಗೆ ಏನು ಬೀಳಬೇಕು ಎಂಬ ತೀರ್ಮಾನ ಸಾರ್ವಜನಿಕವಾಗಿ ಆಗಬೇಕಿತ್ತು. ಅಷ್ಟು ಶಾಲೆಗಳಿಗೆ ಮರುದಿನದಿಂದಲೇ ಬೇಯಿಸಿ ಕೊಡುವ ತನ್ನದೇ ವ್ಯವಸ್ಥೆ ಇಲ್ಲದ ಸರ್ಕಾರ ಯಾವ ಬಾಯಲ್ಲಿ ಷರತ್ತು ಹಾಕೀತು? ಅದೇ ಸಂಸ್ಥೆಯ ಸ್ವತಂತ್ರ ಟ್ರಸ್ಟಿಗಳು 2020ರಲ್ಲಿ ರಾಜೀನಾಮೆ ಕೊಟ್ಟು ಹೊರನಡೆದಾಗ ಅದು ಜನರಿಗೆ ಗೊತ್ತಾದದ್ದು ಪತ್ರಿಕೆಗಳಿಂದ. ಮಕ್ಕಳ ಊಟದ ಒಪ್ಪಂದದಲ್ಲಿ ಸಹಿ ಹಾಕಿರುವ ಶಿಕ್ಷಣ ಇಲಾಖೆ ಅದರ ಬಗ್ಗೆ ಪೋಷಕರಿಗೆ ಒಂದು ಮಾತು ಹೇಳುವುದು ಬೇಡವೇ?

ಐವತ್ತು ದಾಟಿದವರಿಗೆ ಇನ್ನೊಂದು ನೆನಪಿರಬೇಕು. ಅಮೆರಿಕದ ಆಹಾರ ನೆರವಿನಲ್ಲಿ ಕೇರ್ ಸಂಸ್ಥೆ ನಮ್ಮ ಶಾಲೆಗಳಿಗೆ ಕಳಿಸುತ್ತಿದ್ದ ಹಿಟ್ಟು, ಎಣ್ಣೆ, ಹಾಲಿನ ಪುಡಿ. ಶಾಲೆಯ ಹಿಂದೆ ಕಟ್ಟಿಗೆ ಒಲೆಯ ಮೇಲೆ ಬೇಯುತ್ತಿದ್ದ ಆ ಉಪ್ಪಿಟ್ಟಿನ ವಾಸನೆಗೆ ಕೊನೆಯ ಪಾಠ ಕಿವಿಗೆ ಬೀಳುತ್ತಿರಲಿಲ್ಲ. ನೆರವು ನಿಂತಿತು, ಉಪ್ಪಿಟ್ಟೂ ನಿಂತಿತು. ಆಮೇಲೆ 1995ರಲ್ಲಿ ಕೇಂದ್ರದ ಯೋಜನೆ ಬಂದರೂ ಕರ್ನಾಟಕದ ಮಗುವಿಗೆ ಸಿಕ್ಕದ್ದು ತಿಂಗಳಿಗೆ ಮೂರು ಕೆ.ಜಿ. ಧಾನ್ಯ, ಚೀಲದಲ್ಲಿ ಮನೆಗೆ. ಬಿಸಿಯೂಟ ಮತ್ತೆ ಶಾಲೆಗೆ ಬರಲು ಸುಪ್ರೀಂ ಕೋರ್ಟಿನ ಆದೇಶವೇ ಬೇಕಾಯಿತು. 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. ಪಕ್ಕದ ತಮಿಳುನಾಡಿನಲ್ಲೂ ಕೇರ್ ನೆರವು ಇತ್ತು. ಆದರೆ ಅಲ್ಲಿ 1956ರಿಂದ, ಕಾಮರಾಜ್ ಕಾಲದಿಂದಲೇ ಊಟಕ್ಕೆ ಸರ್ಕಾರದ ಪಾಲು ಇತ್ತು, 1982ರಲ್ಲಿ ಎಂ.ಜಿ.ಆರ್. ಅದನ್ನು ದೊಡ್ಡದಾಗಿ ಖಜಾನೆಯ ಮೇಲೆಯೇ ಎಳೆದುಕೊಂಡರು. ಅಲ್ಲಿ ಈಗ ಮಕ್ಕಳ ಮೊಟ್ಟೆ ಚುನಾವಣೆಯ ವಿಷಯವೇ ಅಲ್ಲ, ಯಾವ ಪಕ್ಷ ಬಂದರೂ ಬೇಯುತ್ತದೆ.

ದುಡ್ಡಿಲ್ಲ ಎಂಬ ಮಾತನ್ನಂತೂ ಈ ನಗರದಲ್ಲಿ ಯಾರೂ ಹೇಳಬಾರದು. ಜಯನಗರದ ಮನೆ ಮಾಲೀಕರು ಆಸ್ತಿ ತೆರಿಗೆಯ ರಸೀದಿಯನ್ನು ಒಮ್ಮೆ ಬಿಡಿಸಿ ಓದಲಿ. ತೆರಿಗೆಯ ಮೇಲೆ ಗ್ರಂಥಾಲಯ ಉಪಕರ ಇದೆ, ಆರೋಗ್ಯ ಉಪಕರ ಇದೆ, ಶೇ 3ರಷ್ಟು ಭಿಕ್ಷುಕರ ಉಪಕರವೂ ಇದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಆ ಹಣ ನಿರಾಶ್ರಿತರ ಪುನರ್ವಸತಿಗೆ ಹೋಗಬೇಕು. ಜನರಿಂದ ವಸೂಲಿ ಮಾಡಿಕೊಂಡ ಪಾಲಿಕೆ ಅದನ್ನು ಕೇಂದ್ರ ಪರಿಹಾರ ಸಮಿತಿಗೆ ಪೂರ್ತಿ ಕಟ್ಟದೆ ವರ್ಷಗಟ್ಟಲೆ ಬಾಕಿ ಉಳಿಸಿಕೊಂಡಿತು. ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಜನ ಸಾಲುಸಾಲಾಗಿ ಸತ್ತದ್ದನ್ನು ಈ ನಗರ ಮರೆತಿರಬಹುದು. ದಾನಿಗಳ ಕೊರತೆಗೆ ಸತ್ತವರಲ್ಲ ಅವರು.

ಬಿಟಿಎಂ ಲೇಔಟಿನ ಹತ್ತಿರವೇ, ಬನ್ನೇರುಘಟ್ಟ ರಸ್ತೆಯ ಡೇರಿ ಸರ್ಕಲ್ ಬಳಿ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಚೇರಿ ಇದೆ. ಕಟ್ಟಡದ ವೆಚ್ಚದ ಶೇ 1ರಷ್ಟನ್ನು ಸೆಸ್ ಆಗಿ ಕಾನೂನಿನ ಬಲದಿಂದ ವಸೂಲಿ ಮಾಡುವ ಮಂಡಳಿಯಲ್ಲಿ ಸಾವಿರಾರು ಕೋಟಿ ಸೇರಿದೆ. ಯಾವ ಕಂಪನಿಯ ಬಾಗಿಲಿಗೂ ಹೋಗಿ ಕೈಮುಗಿಯಬೇಕಾಗಿಲ್ಲ. ಇಂಥ ನಿಧಿಯನ್ನು ಕಾರ್ಮಿಕರಿಗೆ ಮುಟ್ಟಿಸಲು ರಾಜ್ಯಗಳು ಹೇಗೆ ಸೋತಿವೆ, ಆ ಹಣದಲ್ಲಿ ಲ್ಯಾಪ್‌ಟಾಪು, ವಾಷಿಂಗ್ ಮಷಿನ್ನು ಹೇಗೆ ಬಂದವು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಛೀಮಾರಿ ಹಾಕಿದೆ. ಆದರೂ ಹಣ ಕೂಡಿಸುವ ದಾರಿ ಇದೇ ಸರಿ. 2025ರಲ್ಲಿ ರಾಜ್ಯ ತಂದ ಗಿಗ್ ಕಾರ್ಮಿಕರ ಕಾಯ್ದೆಯೂ ಇದೇ ದಾರಿ ಹಿಡಿದಿದೆ: ಬಿಟಿಎಂ ರಸ್ತೆಗಳಲ್ಲಿ ಊಟ ಹೊತ್ತು ಓಡುವ ಹುಡುಗರ ಹೆಸರಲ್ಲಿ, ಪ್ರತಿ ವಹಿವಾಟಿಗೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯೇ ಕಟ್ಟಬೇಕು. ಕಂಪನಿಯ ಮನಸ್ಸು ಬದಲಾದರೂ ಶುಲ್ಕ ತಪ್ಪುವುದಿಲ್ಲ. ಗಿಗ್ ಕಾರ್ಮಿಕರ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿ ಯೋಚಿಸಿದ ಸರ್ಕಾರಕ್ಕೆ ಅವರ ಮಕ್ಕಳ ಊಟದ ವಿಷಯದಲ್ಲಿ ಮಾತ್ರ ಕೈ ಚಾಚುವ ಅಭ್ಯಾಸ ಏಕೆ?

ಅಭ್ಯಾಸ ಎಂದೇ ಹೇಳಬೇಕು. 2022ರ ಅಕ್ಟೋಬರಿನಲ್ಲಿ ಅಂದಿನ ಸರ್ಕಾರದ ಶಿಕ್ಷಣ ಇಲಾಖೆ, ಶಾಲಾಭಿವೃದ್ಧಿ ಸಮಿತಿಗಳು ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದು ಎಂದು ಸುತ್ತೋಲೆ ಹೊರಡಿಸಿ, ಜನ ಬೈದ ಮೇಲೆ ವಾಪಸು ತೆಗೆದುಕೊಂಡಿತು. ಪಕ್ಷ ಬದಲಾಗಿದೆ, ಕೈ ಚಾಚುವುದು ನಿಂತಿಲ್ಲ. ಆಗ ಬಡವರ ಮುಂದೆ, ಈಗ ಸಿರಿವಂತರ ಮುಂದೆ.

ಸಹಭಾಗಿತ್ವ ಎಂದರೆ ಹೇಗಿರಬೇಕು ಎಂದು ಕೇಳುವವರು ಜಯನಗರದ ಒಂಬತ್ತನೇ ಬ್ಲಾಕಿನ ಜಯದೇವ ಆಸ್ಪತ್ರೆಗೆ ಹೋಗಿ ನೋಡಲಿ. 2021ರಲ್ಲಿ ಇನ್ಫೊಸಿಸ್ ಫೌಂಡೇಶನ್ ಅಲ್ಲಿ 103 ಕೋಟಿ ರೂಪಾಯಿಯಲ್ಲಿ 350 ಹಾಸಿಗೆಯ ಕಟ್ಟಡ ಕಟ್ಟಿಸಿ ಕೊಟ್ಟಿತು. ಕಟ್ಟಡ ಒಮ್ಮೆ ಎದ್ದರೆ ಎದ್ದಿತು. ನಾಳೆ ಫೌಂಡೇಶನ್ನಿನ ಆದ್ಯತೆ ಬೇರೆಯಾದರೂ ಹಾಸಿಗೆ ಎದ್ದು ನಡೆದುಹೋಗುವುದಿಲ್ಲ. ವೈದ್ಯರು, ದಾದಿಯರು, ದಿನದ ನಿರ್ವಹಣೆ ಆಸ್ಪತ್ರೆಯದೇ ಜವಾಬ್ದಾರಿ. ದಾನಿಯ ಹಣ ಹೋಗಬೇಕಾದ ಜಾಗ ಇದು: ಒಂದು ಸಲ ಆಗಿ ಮುಗಿಯುವ ಕೆಲಸ, ಇಲ್ಲವೇ ಸರ್ಕಾರ ಕೈ ಹಾಕಲು ಹಿಂಜರಿಯುವ ಹೊಸ ಪ್ರಯೋಗ. ದಿನಾ ಬೆಳಗಾದರೆ ಬೇಕಾಗುವ ಊಟ ಆ ಪಟ್ಟಿಗೆ ಸೇರದು. ಕಂಪನಿ ಕಾಯ್ದೆಯ ಶೇ 2ರ ಸಾಮಾಜಿಕ ಹೊಣೆಗಾರಿಕೆಯ ಹಣ ಲಾಭದ ಮೇಲೆ ನಿಂತದ್ದು. ಲಾಭ ಕುಸಿದರೆ ಅದೂ ಕುಸಿಯುತ್ತದೆ. ಮಗುವಿನ ಹಸಿವು ಆ ಕೋಷ್ಟಕ ನೋಡಿ ಕಮ್ಮಿಯಾಗುವುದಿಲ್ಲ.

ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷ ಕೊಟ್ಟದ್ದನ್ನು ಸರ್ಕಾರ ಬಿಡುವು ಎಂದುಕೊಂಡಿದ್ದರೆ ಅದು ಆಗಲೇ ಅರ್ಧಕ್ಕಿಂತ ಹೆಚ್ಚು ಕಳೆದುಹೋಗಿದೆ. ನಾಲ್ಕು ದಿನವನ್ನು ಒಮ್ಮೆಗೇ ಹೊರಲಾಗದಿದ್ದರೆ ವರ್ಷಕ್ಕೊಂದು ದಿನದಂತೆ ತನ್ನ ಪಾಲು ಏರಿಸುತ್ತ ಬರಬಹುದಿತ್ತು. ಮೊದಲ ವರ್ಷ ಮೂರು ದಿನ ಎಂದಿದ್ದರೆ ತಗಲುತ್ತಿದ್ದದ್ದು ಇನ್ನೂ 130 ಕೋಟಿಯ ಆಸುಪಾಸು. ಮುಂದಿನ ಬಜೆಟ್ಟಿನಲ್ಲಿ ಆರೂ ದಿನದ ಮೊಟ್ಟೆಗೆ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆದು, ಮಾರುಕಟ್ಟೆ ದರದ ಜೊತೆ ಏರಿಳಿಯುವಂತೆ ಹಣ ಇಡಬೇಕು. ಫೌಂಡೇಶನ್ ಮುಂದುವರಿಯಲು ಒಪ್ಪಿದರೆ ಅದರ ಹಣ ಶಾಲೆಯ ಅಡುಗೆಮನೆ, ನೀರು, ಗ್ಯಾಸ್ ಒಲೆಗೆ ಹೋಗಲಿ. ಒಪ್ಪಂದದ ಪ್ರತಿಯನ್ನು ಪ್ರತಿ ಶಾಲೆಯ ಗೋಡೆಗೆ ಕನ್ನಡದಲ್ಲಿ ಅಂಟಿಸಬೇಕು: ಯಾರು ಎಷ್ಟು ಕೊಡುತ್ತಾರೆ, ಯಾವತ್ತಿನವರೆಗೆ, ಬಾರದಿದ್ದರೆ ದೂರು ಯಾರಿಗೆ. ಆಹಾರ ಭದ್ರತಾ ಕಾಯ್ದೆಯೇ ಹೇಳಿರುವ ಸಾಮಾಜಿಕ ಪರಿಶೋಧನೆಯನ್ನು ತಾಯಂದಿರ ಎದುರು, ಅವರು ಕೆಲಸ ಮುಗಿಸಿ ಬರುವ ಹೊತ್ತಿಗೆ ನಡೆಸಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಬರುವವರು ಯಾರು?

ಅಡುಗೆಯವರ ವಿಷಯವನ್ನು ಬಿಟ್ಟು ಈ ಮಾತು ಪೂರ್ತಿಯಾಗದು. ಬಿಸಿಯೂಟದ ಅಡುಗೆಯವರಿಗೆ ಕೇಂದ್ರದ ಯೋಜನೆಯಲ್ಲಿ ನಿಗದಿಯಾದ ಗೌರವಧನ ತಿಂಗಳಿಗೆ ಒಂದು ಸಾವಿರ ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. 2009ರಲ್ಲಿ ಗೊತ್ತುಮಾಡಿದ್ದು, ಇಂದಿಗೂ ಅಷ್ಟೇ. ರಾಜ್ಯ ತನ್ನ ಕಡೆಯಿಂದ ಸೇರಿಸುವ ಹಣದಿಂದ ಏನೋ ಉಸಿರಾಡುತ್ತಿದ್ದಾರೆ. ಬನಶಂಕರಿಯಲ್ಲಿ ಒಂದು ಮನೆಯ ಪಾತ್ರೆ, ನೆಲ, ಬಟ್ಟೆಗೆ ಕೊಡುವ ಸಂಬಳ ಸಾವಿರಕ್ಕಿಂತ ಎಷ್ಟೋ ಹೆಚ್ಚು. ನೂರು ಮಕ್ಕಳಿಗೆ ಮೊಟ್ಟೆ ಸುಲಿಯುವ ಕೈಗೆ ಕೇಂದ್ರದ ಯೋಜನೆಯಲ್ಲಿ ಮಾತ್ರ ಹದಿನೈದು ವರ್ಷ ದಾಟಿದರೂ ಏರಿಕೆಯಿಲ್ಲ. ಈ ಗೌರವಧನ ಏರಿಸಿಕೊಡಲು ಯಾವ ದಾನಿಯೂ ಮುಂದೆ ಬಂದಿಲ್ಲ. ಸಂಬಳದ ಮೇಲೆ ದಾನಿಯ ಹೆಸರು ಬರೆಯಲಾಗುವುದಿಲ್ಲವಲ್ಲ.

ದಕ್ಷಿಣ ಬೆಂಗಳೂರಿಗೆ ಧ್ವನಿಯ ಕೊರತೆಯಿಲ್ಲ. ಬಿಟಿಎಂ ಲೇಔಟಿನ ಶಾಸಕ ರಾಮಲಿಂಗಾ ರೆಡ್ಡಿ ಸಂಪುಟದಲ್ಲಿ ಕೂತವರು. ಬನಶಂಕರಿಯ ಕಡೆ ಮತ ಕೇಳುವ ಪದ್ಮನಾಭನಗರದ ಶಾಸಕ ಆರ್. ಅಶೋಕ ವಿರೋಧ ಪಕ್ಷದ ಸಾಲಿನ ಮುಂದಾಳು. ಒಬ್ಬರು ಸಂಪುಟದ ಒಳಗೆ ಮೊಟ್ಟೆಯ ಹಣ ಕೇಳಲಿ, ಇನ್ನೊಬ್ಬರು ಸದನದಲ್ಲಿ ಒಪ್ಪಂದದ ಪ್ರತಿಯನ್ನು ಮಂಡಿಸಿ ಎಂದು ಪಟ್ಟು ಹಿಡಿಯಲಿ. ಸಂಸದ ತೇಜಸ್ವಿ ಸೂರ್ಯ ಅವರು ಲೋಕಸಭೆಯಲ್ಲಿ ಕೇಳಬೇಕಾದದ್ದು ಇನ್ನೂ ಸುಲಭ: ಅಡುಗೆಯವರ ಆ ಒಂದು ಸಾವಿರ ರೂಪಾಯಿ 2009ರಿಂದ ಏಕೆ ಅಲುಗಿಲ್ಲ, ಮೊಟ್ಟೆಯ ಖರ್ಚಿನಲ್ಲಿ ಕೇಂದ್ರದ ಅರವತ್ತು ಪಾಲು ಏಕೆ ಇಲ್ಲ.